ಕಲೆಯ ಸುದ್ದಿ ಯಾರಿಗೆ ಹೇಳಿದ್ರಿ?

ಆಪರೇಷನ್ ಆಗಿ ಹನ್ನೊಂದು ವಾರ ಕಳೆದ ಮೇಲೆ ಮಾಯಾಳಿಗೆ ಒಂದು ಸಂಗತಿ ತಿಳಿಯಿತು. ಅವಳ ಎದೆಯ ಮೇಲೆ ಎಂಥ ಕಲೆ ಏಳಬಹುದೆಂದು ಡಾಕ್ಟರಿಗೆ ಮೊದಲೇ ಗೊತ್ತಿತ್ತು. ಗಂಡನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವಳು ಅವಳೊಬ್ಬಳೇ.

ಮಾಯಾ ಖಾನಾಪುರ–ಬೆಳಗಾವಿ ಬಸ್ಸಿನ ಕಂಡಕ್ಟರ್. ವಯಸ್ಸು ನಲವತ್ತಮೂರು. ಒಂಬತ್ತು ವರ್ಷದ ಹಿಂದೆ ಎಡಗಡೆ ಕ್ಯಾನ್ಸರ್ ಗಂಟು ಕಾಣಿಸಿಕೊಂಡು, ಆ ಮೊಲೆಯನ್ನು ತೆಗೆದು, ಅದೇ ಜಾಗದಲ್ಲಿ ಚರ್ಮದ ಕೆಳಗೆ ಸಿಲಿಕಾನ್ ಚೀಲವೊಂದನ್ನು ಇಟ್ಟಿದ್ದರು. ಅಂಗಿ ಮೈಮೇಲೆ ಸರಿಯಾಗಿ ಕೂರುತ್ತಿತ್ತು. ಡಿಪೋದಲ್ಲಿ ಅರ್ಧ ಮಂದಿಗೆ ಈ ವಿಷಯವೇ ಗೊತ್ತಿರಲಿಲ್ಲ. ಎರಡು ವರ್ಷದಿಂದ ಈಚೆಗೆ ಆ ಚೀಲದ ಸುತ್ತ ಮಾಂಸ ಬಿಗಿದು ಕಲ್ಲಿನಂತಾಯಿತು. ಎಡ ಮಗ್ಗುಲಿಗೆ ಮಲಗಲು ಆಗದು, ಬಸ್ಸಿನಲ್ಲಿ ಕೈಯೆತ್ತಿ ಕಂಬಿ ಹಿಡಿಯಲು ಆಗದು. ಸ್ಕ್ಯಾನ್ ಮಾಡಿಸಿದರೆ ಚೀಲ ಒಡೆದಿದೆ ಎಂದು ಬಂತು. ತೆಗೆಯಲೇಬೇಕು ಎಂದರು. ಬೇರೆಯದೊಂದು ಹಾಕೋಣವೇ ಎಂದು ಕೇಳಿದಾಗ ಅವಳು ಬೇಡ ಎಂದಳು. ಆ ತೀರ್ಮಾನ ಅವಳದೇ. ಅದರ ಬಗ್ಗೆ ಅವಳಿಗೆ ಆಗಲೂ ಈಗಲೂ ಎಳ್ಳಷ್ಟೂ ಬೇಸರವಿಲ್ಲ.

ಅವಳು ಕೇಳಿದ್ದು ಒಂದೇ ಪ್ರಶ್ನೆ. ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರ ಸರ್ಜನ್ ಗೌರೀಶ ಅವರ ಎದುರು ಕೂತು, "ತಗದ ಮ್ಯಾಲ ಕಲಿ ಹೆಂಗ ಉಳೀತೈತ್ರಿ ಸರ?" ಎಂದಿದ್ದಳು.

ಅವರು ಕಂಪ್ಯೂಟರಿನಿಂದ ಕಣ್ಣು ತೆಗೆದಿರಲಿಲ್ಲ. "ಹಳೇ ಗೆರಿ ಮ್ಯಾಲೇ ಕೊಯ್ತೀನಿ. ಹೊಸಾದ ಏನೂ ಆಗಂಗಿಲ್ಲ. ಅದನ್ನ ತಲಿಗಿ ಹಚ್ಗೋಬ್ಯಾಡ್ರಿ."

ಮೊದಲ ತಿಂಗಳು ಆ ಮಾತು ಖರೇ ಅನ್ನಿಸಿತು. ಹೊಲಿಗೆ ಬಿಚ್ಚಿದಾಗ ಗೆರೆ ತೆಳ್ಳಗಿತ್ತು. ಆರನೆಯ ವಾರಕ್ಕೆ ಅದು ಕೆಂಪಾಯಿತು, ತುರಿಸತೊಡಗಿತು. ಎಂಟನೆಯ ವಾರಕ್ಕೆ ದಪ್ಪನೆಯ ಹುರಿಯಂತೆ ಮೇಲೆದ್ದು ಕಪ್ಪುಗೆಂಪಾಗಿ ಹೊಳೆಯುತ್ತಿತ್ತು. ಅದರ ಕೆಳಗೆ ತಗ್ಗು. ಚರ್ಮ ಪಕ್ಕೆಲುಬಿಗೆ ಅಂಟಿಕೊಂಡಂತಿತ್ತು. ಕಂಕುಳ ಕಡೆ ಮಾತ್ರ ಮುದ್ದೆಯಾಗಿ ನೆರಿಗೆಗಟ್ಟಿತ್ತು. ರಕ್ತ ಹರಿಯಲೆಂದು ನಳಿಗೆ ಇಟ್ಟಿದ್ದ ಜಾಗದಲ್ಲಿ ಇನ್ನೊಂದು ದುಂಡನೆಯ ಗಂಟು. ಡ್ಯೂಟಿಗೆ ಹಾಜರಾದ ದಿನ ಟಿಕೆಟ್ ಚೀಲದ ಪಟ್ಟಿ ಸರಿಯಾಗಿ ಆ ಗೆರೆಯ ಮೇಲೇ ಬಂತು. ಮೂರು ಟ್ರಿಪ್ ಮುಗಿಯುವಷ್ಟರಲ್ಲಿ ಅಂಗಿಗೆ ರಕ್ತದ ಚುಕ್ಕೆ ಹತ್ತಿತ್ತು.

ಅತ್ತೆ ಸತ್ಯವ್ವ ಬಟ್ಟೆ ಒಗೆಯುವಾಗ ಅದನ್ನು ನೋಡಿದಳು. "ಬದನಿಕಾಯಿ ತಿಂದಿ, ನಂಜಾತು. ಪಥ್ಯ ಮಾಡಂದ್ರ ನೀ ಎಲ್ಲಿ ಕೇಳ್ತಿ," ಎಂದಳು. ಬಾಜೂ ಮನೆಯವಳು, ಕೊಡ ಎತ್ತಿದ್ದರಿಂದ ಹೀಗಾಗಿದೆ ಎಂದಳು. ಮಾಯಾ ತಾನು ತಿಂದದ್ದು, ಎತ್ತಿದ್ದು, ಮಲಗಿದ್ದು ಎಲ್ಲವನ್ನೂ ಒಂದೊಂದಾಗಿ ನೆನೆದು ತನ್ನ ತಪ್ಪು ಎಲ್ಲಿದೆ ಎಂದು ಹುಡುಕಿದಳು. ಆದರೆ ಅವಳ ಎದೆಯೊಳಗೆ ಕೂತಿದ್ದ ಹೆದರಿಕೆ ಬೇರೆಯದೇ ಇತ್ತು. ಒಂಬತ್ತು ವರ್ಷದ ಹಿಂದೆಯೂ ಎಲ್ಲ ಶುರುವಾಗಿದ್ದು ಹೀಗೇ ಬೆರಳಿಗೆ ಹತ್ತಿದ ಒಂದು ಗಟ್ಟಿ ಗಂಟಿನಿಂದ. ಅದು ತಿರುಗಿ ಬಂದಿದೆ ಎಂದೇ ಅವಳು ನಂಬಿದಳು. ಯಾರಿಗೂ ಹೇಳಲಿಲ್ಲ. ಎಂಟು ದಿನ ಊಟ ಬಿಟ್ಟಳು. ಪಿಯುಸಿ ಓದುತ್ತಿದ್ದ ಮಗಳು ಶೀತಲಳನ್ನು ಒಲೆಯ ಮುಂದೆ ಕೂಡಿಸಿಕೊಂಡು ರೊಟ್ಟಿ ಬಡಿಯುವುದನ್ನು ಕಲಿಸಿದಳು. ಪರೀಕ್ಷೆ ಹತ್ತಿರ ಬಂದಿರುವಾಗ ಇದೇಕೆ ಎಂದು ಮಗಳು ಸಿಡುಕಿದರೆ, "ಕಲಿ, ಬೇಕಾಗ್ತದ," ಎಂದಷ್ಟೇ ಹೇಳಿ ಆ ಮುಖವನ್ನೇ ನೋಡುತ್ತ ಕೂರುತ್ತಿದ್ದಳು.

ಹೀಗೆ ಹನ್ನೊಂದು ವಾರ ಕಳೆದು ಆಸ್ಪತ್ರೆಗೆ ತೋರಿಸುವ ದಿನ ಬಂತು. ಗಂಡ ನಾಗಲಿಂಗ ರಜೆ ಹಾಕಿ ಜೊತೆಗೆ ಬಂದಿದ್ದ. ಅವನು ಖಾನಾಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಡಾಕ್ಟರು ಕಲೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು.

"ಕ್ಯಾನ್ಸರ್ ಏನಲ್ಲ. ಗಾಯ ಮಾಯೂ ಮುಂದ ಮಾಂಸ ಜಾಸ್ತಿ ಬೆಳದೈತಿ. ನಿಮ್ಮ ಮೈಗೆ ಹಿಂಗ ಆಗೂ ಗುಣ ಐತಿ. ರಟ್ಟಿ ಮ್ಯಾಲಿನ ಸೂಜಿ ಕಲಿನೂ ಉಬ್ಬೇತಿ ನೋಡ್ರಿ. ಆಪರೇಷನ್ ಮುಂಚೆನ ಬರದಿಟ್ಟೀನಿ." ಫೈಲಿನ ಪುಟವೊಂದನ್ನು ತಿರುಗಿಸಿ ತೋರಿಸಿದರು.

ಕ್ಯಾನ್ಸರ್ ಅಲ್ಲ ಎಂಬ ಮಾತಿಗೆ ಮಾಯಾಳ ಕಣ್ಣು ತುಂಬಿತು. ನೀರು ಕೆಳಗೆ ಇಳಿಯುವ ಮೊದಲೇ ಮುಂದಿನ ಮಾತು ಅವಳ ತಲೆಗೆ ಹೊಕ್ಕಿತು.

"ಮುಂಚೆನ ಗೊತ್ತಿತ್ತ್ರಿ?"

"ನಿಮ್ಮ ಯಜಮಾನ್ರಿಗೆ ಎಲ್ಲಾ ಹೇಳೇನಲ್ಲ. ದಪ್ಪ ಆಗಬಹುದು, ತಗ್ಗ ಬೀಳ್ತೈತಿ, ಚರ್ಮ ಸುಕ್ಕ ಆಗ್ತೈತಿ ಅಂತ. ಕೇಳಿ ಸಹಿ ಮಾಡ್ಯಾರ."

ಮಾಯಾ ಹೊರಳಿ ನೋಡಿದಳು. ನಾಗಲಿಂಗ ಪರದೆಯ ಹತ್ತಿರ ನಿಂತು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

"ನಾ ಕೇಳಿದ್ನಲ್ರಿ ಸರ. ನನಗ ಏನೂ ಆಗಂಗಿಲ್ಲ ಅಂದ್ರಿ."

"ಆಪರೇಷನ್ ಮುಂಚೆ ಹೆಣ್ಣಮಕ್ಕಳನ್ನ ಹೆದರಿಸಬಾರದು ಅಂತ. ಮನಿಯವ್ರಿಗೆ ಹೇಳಿದ್ರ ಸಾಕಾಗ್ತದ." ಅವರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. "ಮತ್ತ ಈ ವಯಸ್ಸಿನ್ಯಾಗ ಅದನ್ನ ಯಾರ ನೋಡಬೇಕಾಗೇತಿ? ಅಂಗಿ ಒಳಗ ಇರ್ತೈತಿ."

ಗುಂಡಿ ಹಾಕಿಕೊಳ್ಳುತ್ತಿದ್ದ ಮಾಯಾಳ ಕೈ ನಿಂತಿತು. "ನಾ ನೋಡ್ತೇನ್ರಿ," ಎಂದಳು. "ದಿನಾ ಝಳಕಾ ಮಾಡೂ ಮುಂದ ನಾನ ನೋಡ್ತೇನಿ."

ಡಾಕ್ಟರು ಮುಂದಿನ ಪೇಶಂಟಿಗೆ ಗಂಟೆ ಒತ್ತಿದರು.

ಖಾನಾಪುರದ ಬಸ್ಸಿನಲ್ಲಿ ಕೊನೆಯ ಸೀಟು ಹಿಡಿದು ಕೂತ ಮೇಲೆ ನಾಗಲಿಂಗನೇ ಬಾಯಿ ಬಿಟ್ಟ. "ನೀ ಹೆದರ್ತಿ ಅಂತ ಹೇಳಲಿಲ್ಲ. ಹೆದರಿ ಆಪರೇಷನ್ನೇ ಬ್ಯಾಡ ಅಂದ್ರ ಏನ ಮಾಡೂದಿತ್ತು?"

"ಅಂತಿದ್ದಿಲ್ಲ. ಅಂದಿದ್ರೂ ಅದು ನನ್ನ ಮಾತ ಆಗ್ತಿತ್ತು." ಅವಳ ದನಿ ಏರಲಿಲ್ಲ. ಈ ಬಸ್ಸಿನಲ್ಲಿ ಎಲ್ಲರೂ ಅವಳನ್ನು ಬಲ್ಲವರೇ. "ಕಚೇರ್ಯಾಗ ದಿನಾ ಮಂದಿಗೆ ಓದಿ ಸಹಿ ಮಾಡ್ರಿ ಅಂತ ಹೇಳ್ತೀರಿ. ನನ್ನ ಮೈಗೆ ಸಂಬಂಧಪಟ್ಟ ಕಾಗದಕ್ಕ ನನಗ ತೋರಸ್ದನ ಸಹಿ ಒಗದ್ರಿ. ಹೋಗ್ಲಿ, ಆಮ್ಯಾಲರೆ? ಎಂಟು ದಿನ ಊಟಾ ಬಿಟ್ಟು ಕುಂತಾಗ, ಅತ್ತಿ ಬದನಿಕಾಯಿ ಅಂತ ಬೈಯೂ ಮುಂದ, ನೀವು ಬಾಜೂಕ ಇದ್ರಿ. ಹಿಂಗ ಆಗ್ತೈತಂತ ಡಾಕ್ಟರ್ ಹೇಳಿದ್ರು ಅಂತ ಒಂದ ಮಾತ ಆಡಾಕ ಏನ ಆಗಿತ್ತು?"

"ಹೇಳೂಣು ಹೇಳೂಣು ಅನಕೋತ ಉಳದಬಿಡ್ತು," ಎಂದ. ಅದು ಸುಳ್ಳೂ ಆಗಿರಲಿಲ್ಲ. ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

ಮರುದಿನ ಬೆಳಿಗ್ಗೆ ಮಾಯಾ ಎರಡು ಪುಟದ ಪತ್ರ ಬರೆದಳು. ತಾನು ಏನು ಕೇಳಿದೆ, ಏನು ಉತ್ತರ ಬಂತು, ಫೈಲಿನಲ್ಲಿ ಏನು ಬರೆದಿತ್ತು, ಅದನ್ನು ಯಾರಿಗೆ ಹೇಳಿದರು, ಎಲ್ಲವನ್ನೂ ಸಾಲಾಗಿ ಬರೆದು, ಡ್ಯೂಟಿಯ ನಡುವೆ ಬಿಡುವು ಮಾಡಿಕೊಂಡು ಆಸ್ಪತ್ರೆಯ ಆಫೀಸಿಗೆ ಒಯ್ದಳು. ಕೌಂಟರಿನ ಹಿಂದಿದ್ದವನು ಪತ್ರವನ್ನು ಹಿಂದೆ ಮುಂದೆ ತಿರುವಿ, "ಯಜಮಾನ್ರ ಸಹಿ ಇಲ್ಲಲ್ರಿ ಇದರಾಗ. ಅವ್ರ ಸಹಿ ಮಾಡಿಸ್ಕೊಂಡ ಬರ್ರಿ," ಎಂದ.

ಮಾಯಾ ಪತ್ರವನ್ನು ಅವನ ಕಡೆಗೇ ಸರಿಸಿ, "ಎದಿ ನಂದು, ಕಲಿ ನಂದು, ಕಾಗದ ನಂದು. ನನ್ನ ಸಹಿ ಸಾಕು. ನಕಲಿನ ಮ್ಯಾಲ ಶಿಕ್ಕಾ ಹೊಡದ ಕೊಡ್ರಿ, ಕೊಡೂತನಕಾ ಇಲ್ಲೇ ನಿಂದರ್ತೇನಿ," ಎಂದಳು. ಹಿಂದೆ ಸಾಲಿನಲ್ಲಿದ್ದವರು ಇಣುಕತೊಡಗಿದರು. ಅವನು ನಕಲಿನ ಮೇಲೆ ಮೊಹರು ಒತ್ತಿದ.

ಒಂಬತ್ತು ದಿನಕ್ಕೆ ಫೋನ್ ಬಂತು, ಡಾಕ್ಟರು ಭೇಟಿಯಾಗಬೇಕಂತೆ. "ನಾನೂ ಬರ್ತೇನಿ. ಮಾತಾಡಂಗಿಲ್ಲ," ಎಂದ ನಾಗಲಿಂಗ. ಅವಳು ಚಪ್ಪಲಿ ಮೆಟ್ಟಿ ಹೊರಟಳು. ಅವನು ಹಿಂದೆ ಹಿಂದೆ ಬಂದ.

ಡಾಕ್ಟರ ಕೋಣೆಯಲ್ಲಿ ಈ ಸಲ ಎರಡು ಕುರ್ಚಿಗಳಿದ್ದವು. ಕಾಂತಾ ಎಂಬ ನರ್ಸ್ ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟರು ಪತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡು, ಮೆತ್ತಗಿನ ದನಿಯಲ್ಲಿ ಶುರುಮಾಡಿದರು. "ನೋಡ್ರಿ ನಾಗಲಿಂಗ ಅವ್ರ, ನಮ್ಮ ಕಡಿಂದ ತಿಳಿಸೂದ್ರಾಗ ಸ್ವಲ್ಪ ಕಡಿಮಿ ಆತು ಅನಸ್ತೈತಿ. ನೀವು ಅವ್ರಿಗೆ ಸಮಾಧಾನದಿಂದ ತಿಳಿಸಿ..."

ಪತ್ರ ಬರೆದವಳು ತಾನು, ಎದುರಿಗೆ ಕೂತವಳು ತಾನು. ಅವಳು ಬಾಯಿ ತೆರೆಯುವಷ್ಟರಲ್ಲಿ ನಾಗಲಿಂಗ ಕುರ್ಚಿ ಬಿಟ್ಟು ಎದ್ದ.

"ಸರ, ಅವತ್ತ ನಾ ಕೇಳಿಸ್ಕೊಂಡದ್ದ ತಪ್ಪಾತು. ಇವತ್ತ ಕೇಳಂಗಿಲ್ಲ. ಆಕಿಗೆ ಹೇಳ್ರಿ." ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ಮಾಯಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಮೊದಲಿಂದ ಹೇಳ್ರಿ," ಎಂದಳು.

ಡಾಕ್ಟರು ಹೇಳಿದರು. ಚೀಲ ತೆಗೆದ ಗಾಯದ ಗೆರೆ ಮೊದಮೊದಲು ತೆಳ್ಳಗಿದ್ದು, ಎರಡು ಮೂರು ತಿಂಗಳಲ್ಲಿ ಕೆಂಪಾಗಿ ಗಟ್ಟಿಯಾಗುವುದು ಬಹಳ ಜನರಿಗೆ ಆಗುವಂಥದೇ. ಹೆಚ್ಚಿನವರಿಗೆ ವರ್ಷ, ಒಂದೂವರೆ ವರ್ಷಕ್ಕೆ ಅದು ಮೆತ್ತಗಾಗಿ ಬಣ್ಣ ಇಳಿಯುತ್ತದೆ. ಅವಳ ಮೈಗುಣಕ್ಕೆ ಗೆರೆ ಉಬ್ಬಿದೆ, ತಾನಾಗಿ ಪೂರ್ತಿ ಇಳಿಯಲಿಕ್ಕಿಲ್ಲ. ಸಿಲಿಕಾನ್ ಪಟ್ಟಿ ಅಂಟಿಸಬೇಕು, ಬೆರಳಿನಿಂದ ತಿಕ್ಕಬೇಕು, ಬೇಕಾದರೆ ಕಲೆಯೊಳಗೇ ಇಂಜೆಕ್ಷನ್ ಕೊಡಬಹುದು. ಕೊಯ್ದು ತೆಗೆದರೆ ಮತ್ತೆ ದೊಡ್ಡದಾಗಿ ಬೆಳೆಯುವ ಸಂಭವವೂ ಉಂಟು.

"ತಗ್ಗ?"

"ತಗ್ಗ ಉಳೀತೈತ್ರಿ. ಚರ್ಮ ಸ್ವಲ್ಪ ಬಿಗಿ ಆಗ್ತೈತಿ, ಆದ್ರ ಪೂರಾ ಸಪಾಟ ಆಗಂಗಿಲ್ಲ."

"ಬದನಿಕಾಯಿ ತಿಂದಿದ್ಕ ಆಗೇತೇನ್ರಿ ಇದು? ಕೊಡಾ ಎತ್ತಿದ್ಕ?"

"ಬದನಿಕಾಯಿಗಿ ಸಂಬಂಧ ಇಲ್ಲ. ಗೆರಿ ಮ್ಯಾಲ ಏನರೆ ಎಳದ್ರ, ತಿಕ್ಕಿದ್ರ ತ್ರಾಸ ಆಗ್ತೈತಿ." ಅವರು ಪೆನ್ನು ಕೆಳಗಿಟ್ಟರು. "ನೀವು ಏನ ಕೆಲಸ ಮಾಡ್ತೀರಿ?"

ಎರಡು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು ಎದ್ದು ಹೋಗಿದ್ದವಳನ್ನು ಅವರು ಅದೇ ಮೊದಲ ಸಲ ಕೇಳಿದ್ದು. ಮಾಯಾ ಟಿಕೆಟ್ ಚೀಲದ ಪಟ್ಟಿ ಎಲ್ಲಿ ಬರುತ್ತದೆಂದು ಅಂಗಿಯ ಮೇಲೆ ಬೆರಳೆಳೆದು ತೋರಿಸಿದಳು. ಅವರು ನೋಡಿದರು. ಚೀಲ ಸೊಂಟಕ್ಕೆ ಕಟ್ಟಿಕೊಳ್ಳಲು ಅನುಮತಿ ಬೇಕೆಂದು ಡಿಪೋಗೆ ಒಂದು ಚೀಟಿ ಬರೆದುಕೊಟ್ಟರು.

"ಇಷ್ಟ ಹೇಳಾಕ ಎಷ್ಟ ಹೊತ್ತ ಹಿಡೀತ್ರಿ?" ಎಂದಳು ಮಾಯಾ.

ಅವರು ಗಡಿಯಾರ ನೋಡಿದರು. "ಹತ್ತ ಮಿನಿಟ್ ಆಗಿರಬೇಕು."

"ಆ ಹತ್ತ ಮಿನಿಟ್ ಮೊದಲ ಕೊಟ್ಟಿದ್ರ, ನಾ ಸಾಯ್ತೇನಂತ ತಿಳಕೊಂಡ ಮಗಳ ಮಾರಿ ನೋಡಕೋತ ಕೂಡ್ತಿದ್ದಿಲ್ಲ. ಕಲಿಗಿ ನಾ ಹೆದರಿಲ್ರಿ. ಒಂಬತ್ತ ವರ್ಷ ಕ್ಯಾನ್ಸರ್ ಸಂಗಾಟ ಬದುಕೀನಿ. ಗೊತ್ತಿಲ್ದಕ್ಕ ಹೆದರಿದ್ನಿ."

"ತಪ್ಪಾತ್ರಿ," ಎಂದರು ಡಾಕ್ಟರು. ದನಿ ಸಣ್ಣದಿತ್ತು, ಆದರೆ ಮುಖ ಅವಳ ಕಡೆಗೇ ಇತ್ತು.

ಇರಲಿ ಬಿಡ್ರಿ ಎಂಬ ಮಾತು ರೂಢಿಯಂತೆ ಅವಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ಆಡಲಿಲ್ಲ. ಕಾಂತಾ ಪಟ್ಟಿ ಅಂಟಿಸುವ ರೀತಿ ತೋರಿಸಿಕೊಟ್ಟಳು. ಬಾಗಿಲಿನವರೆಗೆ ಬಂದು, "ನೀವ ಬರದದ್ದ ಚಲೋ ಆತ್ರಿ ಅಕ್ಕಾರ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಹಿಂತಿರುಗುವಾಗ ದೇಸೂರು ದಾಟಿದ ಮೇಲೆ ನಾಗಲಿಂಗ ಕೇಳಿದ, "ಸಿಟ್ಟ ಇಳೀತೇನು?"

"ಇಲ್ಲ."

ಅವನು ತಲೆಯಾಡಿಸಿದ.

ಮನೆ ಮುಟ್ಟಿದಾಗ ಶೀತಲ ಪುಸ್ತಕ ಹರವಿಕೊಂಡು ಕೂತಿದ್ದಳು. ಮಾಯಾ ಮಗಳನ್ನು ಒಳಕೋಣೆಗೆ ಕರೆದು, ಕಿಟಕಿಯ ಬೆಳಕಿಗೆ ನಿಂತು, ಅಂಗಿಯ ಗುಂಡಿ ಬಿಚ್ಚಿ ತೋರಿಸಿದಳು. ಇದು ಯಾಕೆ ಹೀಗಾಯಿತು, ಇನ್ನು ಮುಂದೆ ಹೇಗಾಗುತ್ತದೆ, ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ತಾನು ಕೇಳಿ ಬಂದದ್ದನ್ನೆಲ್ಲ ಬಿಡಿಸಿ ಹೇಳಿದಳು. ಶೀತಲ ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಬೆರಳಿನಿಂದ ಹಗುರವಾಗಿ ಮುಟ್ಟಿದಳು.

"ನೋಯ್ತದೇನವಾ?"

"ನೋಯಂಗಿಲ್ಲ. ಭಾಳ ತುರಸ್ತದ ನೋಡು," ಎಂದಳು ಮಾಯಾ.