ಕಟ್ಟಿನೊಳಗಿನ ಎರಡು ಚುಕ್ಕಿ

ಅಲ್ಲಾನಾಣೆ ಹೇಳುತ್ತೇನೆ, ಸಾಕಾಗಿಹೋಗಿದೆ ನನಗೆ. ಕೃಷ್ಣರಾಜನಗರದಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಸಿನಿಮಾದವರ ಹಳೆಯ ಪೋಸ್ಟರು, ಸಹಿ ಮಾಡಿದ ಫೋಟೊ ಸಿಕ್ಕರೆ ಕೊಂಡು ಮೈಸೂರಿನವರಿಗೆ ಮಾರುವುದೂ ಉಂಟು. ನಟ ರತ್ನಕುಮಾರ್ ತೀರಿಕೊಂಡ ಮೇಲೆ ಅವರ ಸಹಿಯೊಂದು ಲಕ್ಷಕ್ಕೆ ಹೋಯಿತೆಂದು ಯಾವನೋ ಪುಣ್ಯಾತ್ಮ ಮೊಬೈಲಿನಲ್ಲಿ ವಿಡಿಯೊ ಬಿಟ್ಟ. ಅಂದಿನಿಂದ ತಾಲ್ಲೂಕಿನ ಮನೆಮನೆಯಲ್ಲೂ ಅವರ ಸಹಿ ಹುಟ್ಟಿಕೊಂಡಿದೆ. ಸುಳ್ಳು ಸಹಿ ಎಂದರೆ ನನ್ನ ಮೇಲೇ ರೇಗುತ್ತಾರೆ. ದಿನಾ ಇದೇ ಗೋಳು.

ಮೊನ್ನೆ ಮಧ್ಯಾಹ್ನ, ಇನ್ನೇನು ಊಟಕ್ಕೆ ಏಳಬೇಕು, ಭೇರ್ಯದ ಚಲುವಯ್ಯ ಬಂದರು. ಹಿಂದೆಯೇ ಹೆಂಡತಿ ದೊಡ್ಡತಾಯಮ್ಮ. ಚಲುವಯ್ಯ ಹಳೇ ಪಂಚೆಯ ಗಂಟು ಬಿಚ್ಚಿ ಒಂದು ಫೋಟೊ ಕಟ್ಟನ್ನು ನನ್ನ ಮುಂದಿಟ್ಟರು. ಕುಂಕುಮ ಮೆತ್ತಿದ ಗಾಜು, ಒಳಗೆ ನಗುವ ರತ್ನಕುಮಾರ್, ಕೆಳಗೆ ದಪ್ಪ ನೀಲಿ ಸಹಿ. ಹಿಂಬದಿಯಲ್ಲಿ ನಮ್ಮಪ್ಪನ ಕಾಲದ ನಮ್ಮದೇ ಅಂಗಡಿಯ ಚೀಟಿ.

ಮದುವೆಗೆ ಮುಂಚೆ, ಕಾವೇರಿ ದಂಡೆಯಲ್ಲಿ ಶೂಟಿಂಗ್ ನಡೆದಾಗ, ಆ ನಟ ಚಲುವಯ್ಯನ ಎತ್ತಿನ ಗಾಡಿಯಲ್ಲಿ ಕೂತು ಬಂದಿದ್ದರಂತೆ. ಇಳಿಯುವಾಗ ಈ ಫೋಟೊಗೆ ಸಹಿ ಹಾಕಿಕೊಟ್ಟರಂತೆ. ಊರಿನಲ್ಲಿ ಒಬ್ಬರೂ ನಂಬಿಲ್ಲ. ಎಲ್ಲರ ಬಾಯಲ್ಲೂ ಅವರು 'ರೀಲು ಚಲುವಯ್ಯ'. ಮನೆಯಲ್ಲಿ ಹೆಂಡತಿಯೂ ನಂಬಿಲ್ಲ.

"ಮಾರಾಕಲ್ಲ ಸಾಬ್ರೆ," ಎಂದರು ಚಲುವಯ್ಯ. "ಅವ್ರದ್ದೇ ಅಂತ ಇವಳ ಮುಂದೆ ಒಂದ್ ಮಾತು ಏಳ್ಬುಡಿ, ಸಾಕು."

"ಏನಂತ ಏಳಾರು? ವರ್ಸಾ ವರ್ಸಾ ಆಯುಧಪೂಜೆ ದಿನ ಇವ್ರೇ ಪೆನ್ ಇಡ್ಕಂಡು ಬರೆಯಾದ್ನ ಕಣ್ಣಾರೆ ನೋಡಿವ್ನಿ," ಎಂದರು ದೊಡ್ಡತಾಯಮ್ಮ.

ಚಲುವಯ್ಯ ಅದನ್ನು ಅಲ್ಲಗಳೆಯಲಿಲ್ಲ. ಸಹಿ ಮಾಸುತ್ತಿತ್ತು, ಅದಕ್ಕೆ ಗಾಡಿಗೆ ಬಣ್ಣ ಬಳಿಯುವ ದಿನ ಗಾಜು ತೆಗೆದು ಅದನ್ನೂ ತಿದ್ದುತ್ತಿದ್ದೆ ಎಂದು ಹೆಮ್ಮೆಯಿಂದಲೇ ಹೇಳಿದರು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ರತ್ನಕುಮಾರರ ಸಹಿಗೆ ಒಂದು ಗುರುತಿದೆ. ಕೊನೆಯ ಅಕ್ಷರದ ಕೆಳಗೆ ಪಕ್ಕಪಕ್ಕ ಎರಡು ಚುಕ್ಕಿ. ನಾನು ಕಂಡ ಅಸಲಿ ಸಹಿಗಳಲ್ಲೆಲ್ಲ ಅದಿತ್ತು. ನಕಲಿ ಮಾಡುವವರಿಗೆ ಅದು ಗೊತ್ತಿಲ್ಲ. ಇದರಲ್ಲಿ ಹುಡುಕಿದೆ, ಚುಕ್ಕಿ ಇಲ್ಲ. ಹೊಟ್ಟೆ ಬೇರೆ ಹಸಿದಿತ್ತು. ಇದು ಅವರದ್ದಲ್ಲ ಎಂದುಬಿಟ್ಟೆ.

ಚಲುವಯ್ಯ ಸ್ಟೂಲಿನ ಮೇಲೆ ಮೆಲ್ಲಗೆ ಕುಳಿತರು. 'ನಾನು ಹೇಳಿರಲಿಲ್ಲವೇ' ಎಂದು ದೊಡ್ಡತಾಯಮ್ಮನಾದರೂ ಒಂದು ಮಾತು ಅಂದಿದ್ದರೆ ಚೆನ್ನಾಗಿತ್ತು. ಅವರು ರಸ್ತೆ ಕಡೆ ತಿರುಗಿ ನಿಂತರು.

"ಅಂಗಾರೆ ನಾನು ಯಾರ್ನ ಕೂರಿಸ್ಕಂಡ್ ಬಂದೆ ಸಾಬ್ರೆ?" ಎಂದು ಕೇಳಿದರು ಚಲುವಯ್ಯ.

ಅವರ ಮುಖ ನೋಡಲಾರದೆ, ಗಾಜನ್ನಾದರೂ ಒರೆಸಿಕೊಡುತ್ತೇನೆ ಎಂದು ಮೊಳೆ ಕೀಳಲು ಕೂತೆ. ಫೋಟೊದ ಸುತ್ತ ಅಂಟಿಸಿದ ರಟ್ಟಿನ ಅಂಚು ಒಂದು ಮೂಲೆಯಲ್ಲಿ ಎದ್ದಿತ್ತು. ನಮ್ಮಪ್ಪನದು ಒಂದು ಕೆಟ್ಟ ಚಾಳಿ. ಕಟ್ಟು ಚಿಕ್ಕದಾದರೆ ರಟ್ಟನ್ನೇ ಒಳಕ್ಕೆ ಸರಿಸಿ, ಫೋಟೊದ ಅಂಚು ಮುಚ್ಚಿ ಮೈದಾ ಅಂಟು ಬಳಿದುಬಿಡುತ್ತಿದ್ದರು. ಅದಕ್ಕಾಗಿ ನಾನು ಅವರ ಹತ್ತಿರ ಎಷ್ಟು ಜಗಳ ಆಡಿದ್ದೇನೋ. ಆ ರಟ್ಟನ್ನು ಹುಷಾರಾಗಿ ಎಬ್ಬಿಸಿದೆ.

ಅದರಡಿ, ಬೆಳಕು ಕಾಣದ ಜಾಗದಲ್ಲಿ, ಹಳೇ ಇಂಕು ಪೆನ್ನಿನ ಎರಡು ಚುಕ್ಕಿ. ಪಕ್ಕಪಕ್ಕ.

ಇಬ್ಬರನ್ನೂ ಹತ್ತಿರ ಕರೆದು ತೋರಿಸಿದೆ. ಇದು ನಮ್ಮಪ್ಪ ಹಾಕಿದ ಅಂಟು, ಇದರಡಿಗೆ ಅಂದಿನಿಂದ ಯಾರ ಪೆನ್ನೂ ಹೋಗಿಲ್ಲ, ಅವರ ಸಹಿಯ ಈ ಗುರುತು ಬೇರೆಯವರಿಗೆ ಗೊತ್ತಿಲ್ಲ, ತಪ್ಪು ಹೇಳಿದವನು ನಾನು, ಸಹಿ ಅವರದ್ದೇ ಎಂದೆ. ಮೇಲೆ ತಿದ್ದಿ ತಿದ್ದಿ ಕೆಡಿಸಿರುವುದರಿಂದ ಯಾರೂ ಮೂರು ಕಾಸೂ ಕೊಡುವುದಿಲ್ಲ ಎಂದೂ ಹೇಳಿದೆ. ಚಲುವಯ್ಯನಿಗೆ ಆ ಮಾತು ಕೇಳಿಸಲೇ ಇಲ್ಲ. ಚುಕ್ಕಿಗಳನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು. ಇವೂ ಮಾಸಿಹೋಗುತ್ತವಲ್ಲ ಎಂದು ಗೊಣಗುತ್ತ ಜೇಬಿನ ಪೆನ್ನಿಗೆ ಕೈ ಹಾಕಿದರು.

ದೊಡ್ಡತಾಯಮ್ಮ ಆ ಪೆನ್ನನ್ನು ಕಿತ್ತುಕೊಂಡು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮುಟ್ಬ್ಯಾಡಿ," ಎಂದರು. "ಅವ್ರು ಬರ್ದಿರಾದು."