ಎರಡು ವಿಮಾನ, ಒಂದು ಸಿಲಿಂಡರ್

ಆ ಹುಲ್ಲುಬಯಲಿನಲ್ಲಿ ಎರಡು ಪುಟ್ಟ ವಿಮಾನಗಳಿದ್ದವು. ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿಸಿ ತರುವ ಅವುಗಳ ಯಜಮಾನರನ್ನು ಅವರ ಅಕ್ಕನ ಮಗಳು ಕರೆಯುವಂತೆಯೇ ಎಲ್ಲರೂ ಮಾವ ಎನ್ನುತ್ತಿದ್ದರು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಮಾತ್ರ ಒಂದೇ. ಅದಕ್ಕೆ ‘ದೊಡ್ಡಳಿಯ’ ಎಂದು ಹೆಸರು. ತಪಾಸಣೆಯವರು ಬಂದಾಗ ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಹಳದಿ ವಿಮಾನ ನೋಡಿದವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದು ನೀಲಿ ವಿಮಾನಕ್ಕೆ ದಾಟಿರುತ್ತಿತ್ತು. ಉಳಿದ ದಿನಗಳಲ್ಲಿ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು.

ಇವತ್ತು ಅಕ್ಕನ ಮಗಳು ಪೈಲಟ್ ಆಗಿ ಮೊದಲ ಸಲ ಜನರನ್ನು ಕರೆದೊಯ್ಯುವ ದಿನ. ಎರಡೂ ವಿಮಾನಗಳು ಒಂದರ ಹಿಂದೊಂದು ಏರಬೇಕೆನ್ನುವುದು ಮಾವನ ಬಹುದಿನದ ಆಸೆ. ಇಂಧನದ ಮಟ್ಟ ತೋರಿಸುವ ಮುಳ್ಳು ಸುಮ್ಮಸುಮ್ಮನೆ ಕುಣಿಯುವ ನೀಲಿಯನ್ನು ತಾವಿಟ್ಟುಕೊಂಡು, ಎಲ್ಲವೂ ಸರಿಯಿದ್ದ ಹಳದಿಯನ್ನು ಅವಳಿಗೆ ಕೊಟ್ಟಿದ್ದರು. ಸಿಲಿಂಡರನ್ನು ಕರವಸ್ತ್ರದಲ್ಲಿ ಒರೆಸಿ ಅವಳ ಸೀಟಿನ ಪಕ್ಕ ಸಿಕ್ಕಿಸಿದರು. ಅವಳ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿದರು.

ಅವರು ನೀಲಿಯತ್ತ ನಡೆದಾಗ ಅವಳೂ ಇಳಿದು ಹಿಂದೆಯೇ ಬಂದಳು.

“ಮಾವ, ನಿಮ್ಮ ಸಿಲಿಂಡರ್ ಎಲ್ಲಿ?”

“ನನಗ್ಯಾಕೆ ಬಿಡೇ. ಇಷ್ಟು ವರ್ಷ ಹಾರಿಸಿದೀನಿ, ಒಂದು ಕಿಡಿಯಾದ್ರೂ ಹಾರಿದೆಯಾ?”

“ಇಲ್ಲ, ನಿಮ್ಮ ಕೈ ಅಷ್ಟು ಚೆನ್ನಾಗಿದೆ. ಆದ್ರೆ ಬೇಡದ ಸಾಮಾನನ್ನ ಅಷ್ಟು ಮುದ್ದಾಗಿ ಒರೆಸಿ ನನಗ್ಯಾಕೆ ಇಟ್ರಿ?”

“ನೀನು ಅಕ್ಕನ ಮಗಳು ಕಣೇ! ನಿನಗೇನಾದ್ರೂ ಆದ್ರೆ ಅವಳಿಗೆ ನಾನು ಯಾವ ಮುಖ ತೋರಿಸ್ಲಿ?”

ಅವಳು ಕಿಟಕಿಯತ್ತ ನೋಡಿದಳು. ನೀಲಿಯ ಹಿಂದಿನ ಸೀಟಿನಲ್ಲಿ ಒಬ್ಬ ತಾಯಿ ತನ್ನ ಮಗಳ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದಳು. ಮಾವ ಅದನ್ನು ಕಂಡರು.

“ಜನ ಕಾಯ್ತಿದಾರೆ. ಈಗ ಏನಂತ ಹೇಳೋದು?”

“ಇದ್ದದ್ದನ್ನೇ ಹೇಳಿ ಮಾವ.”

ಮಾವ ಬಾಗಿಲು ತೆರೆದು, “ಇಳೀರಮ್ಮ. ಇದು ಇವತ್ತು ಹಾರಲ್ಲ” ಎಂದರು.

“ಯಾಕೆ, ಇಂಜಿನ್ ಕೆಟ್ಟಿದೆಯಾ?”

ಹೌದು ಎನ್ನುವುದು ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡರು. “ಇಂಜಿನ್ ಚೆನ್ನಾಗಿದೆ. ಬೆಂಕಿ ಆರಿಸೋ ಸಿಲಿಂಡರ್ ಇಲ್ಲ, ಇಂಧನದ ಮುಳ್ಳೂ ಸರಿ ಇಲ್ಲ. ಇಷ್ಟು ದಿನ ಹಾಗೇ ಹಾರಿಸ್ತಿದ್ದೆ. ತಪ್ಪಾಯ್ತು.”

ಆಕೆ ಬೈಯಲಿಲ್ಲ. ಮಗಳನ್ನು ಎತ್ತಿಕೊಂಡು ಇಳಿದು, ಅವರನ್ನೊಮ್ಮೆ ನೋಡಿದಳು. ಬೈದಿದ್ದರೇ ಎಷ್ಟೋ ವಾಸಿಯಿತ್ತು. ನೇರ ಹಳದಿಗೆ ಹೋಗಿ ಒಳಗೆ ಬಗ್ಗಿ ಸಿಲಿಂಡರ್ ಇದೆಯೇ ಎಂದು ನೋಡಿದಳು. ಆಮೇಲೆಯೇ ಮಗಳನ್ನು ಹತ್ತಿಸಿ ತಾನೂ ಹತ್ತಿದಳು.

ಹಳದಿ ಒಂದೇ ಮೇಲೇರಿತು. ಮಾವ ಅದು ಚುಕ್ಕಿಯಾಗುವವರೆಗೆ ಕತ್ತೆತ್ತಿ ನಿಂತರು. ಹೆಮ್ಮೆಗೋ ನಾಚಿಕೆಗೋ ಕಣ್ಣು ತುಂಬಿ ಬಂತು. ಕಾಯುತ್ತಿದ್ದ ಉಳಿದವರಿಗೂ ಇದ್ದದ್ದನ್ನೇ ಹೇಳಿದರು. ಕೆಲವರು ಗೊಣಗುತ್ತಾ ಹೊರಟುಹೋದರು. ಆಮೇಲೆ ನೀಲಿಯನ್ನು ಗೂಟಕ್ಕೆ ಬಿಗಿದು, ಬಾಗಿಲಿಗೆ ಬೀಗ ಹಾಕಿ, ಅದರ ಕೀಲಿಯನ್ನು ಅಕ್ಕನ ಮಗಳ ಮೇಜಿನ ಮೇಲಿಟ್ಟರು. ಎಲ್ಲ ಸರಿಯಾದ ದಿನ ಅವಳೇ ನೋಡಿ ಕೊಡಲಿ ಎಂದು.