ಕಾಸರಕೊಪ್ಪದ ಜನಸಂಖ್ಯೆ

ಈಗಿನ ಗ್ರಾಮ ಆಡಳಿತಾಧಿಕಾರಿಗಳನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ಬೈಕಲ್ಲಿ ಬರುತ್ತಾರೆ, ಮೊಬೈಲಲ್ಲಿ ಫೋಟೋ ತೆಗೆಯುತ್ತಾರೆ, ಚಹಾ ಆರುವುದರೊಳಗೆ ಹೋಗುತ್ತಾರೆ. ನಮ್ಮ ಕಾಲದಲ್ಲಿ ಕೆಲಸವೆಂದರೆ ನಡಿಗೆ. ಹೊಸನಗರ ತಾಲ್ಲೂಕಿನ ಈ ಮೂಲೆಯಲ್ಲಿ ಮೂವತ್ತೆರಡು ವರ್ಷ ಬಗಲಚೀಲ ನೇತುಹಾಕಿಕೊಂಡು ನಡೆದಿದ್ದೇನೆ. ಯಾವ ಹಳ್ಳದ ಕಾಲುಸಂಕ ಅಲುಗಾಡುತ್ತದೆ, ಯಾರ ಮನೆಯ ನಾಯಿ ಕಚ್ಚುತ್ತದೆ ಎಂಬುದೆಲ್ಲ ಕಾಲಿಗೇ ಗೊತ್ತಿತ್ತು. ಹುದ್ದೆಯ ಹೆಸರು ಗ್ರಾಮ ಲೆಕ್ಕಿಗ ಎಂದಿದ್ದರೂ ಜನರ ಬಾಯಲ್ಲಿ ನಾನು ಇಂದಿಗೂ ಶಾನುಭೋಗ. ಸುಬ್ಬರಾಯ ಎಂಬ ಹೆಸರು ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಹೋದ ಜನವರಿಯಲ್ಲಿ ಕೆರಿಯಮ್ಮ ನಮ್ಮ ಮನೆಗೆ ಬಂದಳು. ನಿಟ್ಟೂರಿನಿಂದ ಆಚೆ, ಕಾಡಿನೊಳಗಿನ ಕಾಸರಕೊಪ್ಪದ ಹಸಲರ ಬುಡಕಟ್ಟಿನ ಹೆಂಗಸು. ಐವತ್ತರ ಹತ್ತಿರ ಹತ್ತಿರ ವಯಸ್ಸು. ಅವಳ ಕೇರಿಯ ಹನ್ನೊಂದು ಮನೆಯವರೂ ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ್ದರು. ಎರಡು ಸಾವಿರದ ಐದಕ್ಕಿಂತ ಮೊದಲೇ ಅಲ್ಲಿ ವಾಸವಿದ್ದರು ಎಂದು ತೋರಿಸಿದರೆ ಮನೆ, ಗದ್ದೆಗೆ ಹಕ್ಕುಪತ್ರ ಸಿಗುತ್ತದೆ. ತೋರಿಸದಿದ್ದರೆ ಅಜ್ಜನ ಕಾಲದಿಂದ ಉತ್ತ ಗದ್ದೆಯೂ ಒತ್ತುವರಿಯೇ.

"ಅರ್ಜಿ ವಾಪಸ್ ಬಂತು ಅಯ್ಯಾ" ಎಂದಳು. "ಎರಡು ಸಾವಿರದ ಒಂದನೇ ಇಸ್ವಿ ಜನಗಣತೀಲಿ ನಮ್ಮೂರು ಬೇಚರಾಕ್ ಅಂತ ಉಂಟಂತೆ. ಹಂಗಂದ್ರೆ ಜನಾನೇ ಇಲ್ದಿರೋ ಊರಂತೆ."

ಆ ಪದದ ಅರ್ಥ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬರೆದವನೇ ನಾನು.

ಅದು ಅವಳಿಗೂ ಗೊತ್ತಿತ್ತು. ಆದರೂ ದೂರಲು ಬಂದವಳಲ್ಲ. ಬೇರೆ ಯಾವುದಾದರೂ ಹಳೆಯ ಕಾಗದವಿದ್ದರೆ ಕೊಡಿ ಎಂದಷ್ಟೇ ಕೇಳಿದಳು. ಇರಲಿಲ್ಲ. ಅರ್ಜಿಗಳನ್ನು ಮತ್ತೆ ವಿಚಾರಿಸುವ ಗ್ರಾಮಸಭೆಗೆ ನಾನೇ ಬಂದು ಹೇಳುತ್ತೇನೆ ಎಂದೆ.

"ಬ್ಯಾಡ ಅಯ್ಯಾ. ನಿಮ್ಮ ಪಿಂಚಣಿಗೆ ಕಲ್ಲು ಬೀಳ್ತದೆ. ನಮ್ಮ ಮಾವ ಕೇಳ್ಕಂಡಿದ್ದಕ್ಕಲ್ವಾ ನೀವು ಹಂಗೆ ಮಾಡಿದ್ದು."

ಅವಳ ಮಾವ ಚೌಡ. ಅವನನ್ನು ನೆನೆದರೆ ಈಗಲೂ ನನ್ನ ಮನಸ್ಸು ತಂಪಾಗುತ್ತದೆ. ಆ ಗಣತಿಯ ಫೆಬ್ರವರಿಯಲ್ಲಿ ಎರಡು ಹಳ್ಳ ದಾಟಿ, ಮೂರು ತಾಸು ನಡೆದು ಕಾಸರಕೊಪ್ಪ ಮುಟ್ಟಿದ್ದೆ. ಜಗಲಿಯ ಮೇಲೆ ಸೀಗೆಕಾಯಿ ಒಣಗಲು ಹರವಿದ್ದರು. ಚೌಡ ಅದನ್ನು ಸರಿಸಿ ಚಾಪೆ ಹಾಸಿದ; ಒಂದು ಲೋಟ ಜೇನು ತಂದಿಟ್ಟ. ಅವರ ಮನೆಯ ನೀರನ್ನೂ ಮುಟ್ಟದ ಜಾತಿ ನನ್ನದು. ಆದರೆ ಜೇನಿಗೆ ಮೈಲಿಗೆ ಇಲ್ಲ ಎಂದು ನಮ್ಮ ಹಿರಿಯರು ಯಾವ ಕಾಲದಲ್ಲೋ ತಮಗೆ ಬೇಕಾದ ಹಾಗೆ ತೀರ್ಮಾನಿಸಿಕೊಂಡಿದ್ದರು. ಲೋಟ ಖಾಲಿ ಮಾಡಿದೆ. ಈಗ ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಚೌಡ ಒಂದೊಂದು ಮನೆಯತ್ತ ಕೈ ತೋರಿಸುತ್ತ ಹೆಸರು ಹೇಳಿದ, ನಾನು ಕಚ್ಚಾ ಪಟ್ಟಿ ಮಾಡಿಕೊಂಡೆ. ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಕೂಗುತ್ತಿತ್ತು. ಹೆಸರಿನ ಜೊತೆಗೆ ಅವರವರ ಕಥೆಯೂ ಬರುತ್ತಿತ್ತು: ಯಾರು ಮರದಿಂದ ಬಿದ್ದು ಕುಂಟಾದ, ಯಾರು ಹೆಂಡತಿಗೆ ಹೆದರಿ ಕಾಡಲ್ಲೇ ಇರುತ್ತಾನೆ. ನಗುತ್ತ ನಗುತ್ತ ಮಧ್ಯಾಹ್ನವಾಯಿತು. ಅಷ್ಟು ಸುಖವಾದ ಗಣತಿಯನ್ನು ನಾನು ಮತ್ತೆಂದೂ ಮಾಡಲಿಲ್ಲ.

ಪಟ್ಟಿ ಮುಗಿದ ಮೇಲೆ ಚೌಡ ದನಿ ತಗ್ಗಿಸಿದ. "ಅಯ್ಯಾ, ಇದು ಸರ್ಕಾರಕ್ಕೆ ಹೋಗ್ತದಾ?" ಹೋಗುತ್ತದೆ ಎಂದೆ. ಆಗ ಒತ್ತುವರಿ ತೆರವಿನ ಗುಲ್ಲು ಎಲ್ಲೆಲ್ಲೂ ಎದ್ದಿತ್ತು. ಹಳ್ಳದಾಚೆಯ ಕೊಪ್ಪದಲ್ಲಿ, ಇಂಥದ್ದೇ ಸಣ್ಣ ಕೇರಿಯಲ್ಲಿ, ಎರಡು ಗುಡಿಸಲು ಕಿತ್ತಿದ್ದರು. "ಹಂಗಾರೆ ನಮ್ಮನ್ನ ಬರೀಬ್ಯಾಡಿ. ಇಲ್ಲಿ ಜನ ಇದಾರೆ ಅಂತ ಗೊತ್ತಾದ್ರೆ ಓಡಿಸ್ತಾರೆ. ಗೊತ್ತಾಗದಿದ್ರೆ ಬದುಕ್ಕಂತೀವಿ" ಎಂದ.

ಪಟ್ಟಿಯನ್ನು ಅವನ ಒಲೆಗೇ ಹಾಕಿದೆ. ನಮೂನೆಯಲ್ಲಿ ಬೇಚರಾಕ್ ಎಂದು ಬರೆದೆ. ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ದೊಡ್ಡ ಉಪಕಾರ ಮಾಡಿದ್ದೇನೆ ಎಂಬ ಆ ಖುಷಿಯನ್ನು ಇಪ್ಪತ್ತೈದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಸಭೆಯ ದಿನ ಶರ್ಟು ಹಾಕಿಕೊಳ್ಳುವಾಗ ಹೆಂಡತಿ ಸರೋಜ ಬಾಗಿಲಿಗೆ ಅಡ್ಡ ನಿಂತಳು.

"ನಿಮಗೆಂತಕ್ಕೆ ಬೇಕಾಗಿತ್ತು? ಪಿಂಚಣಿ ಬತ್ತಾ ಇದ್ದು. ಸುಮ್ನೆ ಕೂತ್ಗಂಬಲೆ ಆಗ್ತಿಲ್ಯಾ?"

"ಆಗ್ತಿಲ್ಲೆ" ಎಂದು ಚಪ್ಪಲಿ ಮೆಟ್ಟಿದೆ.

ನಿಟ್ಟೂರಿನ ಸಭಾಭವನದಲ್ಲಿ ಗ್ರಾಮಸಭೆ. ಮೇಜಿನ ಹಿಂದೆ ದೀಪಶ್ರೀ ಎಂಬ ಅಧಿಕಾರಿ; ನನ್ನ ಮೊಮ್ಮಗಳ ವಯಸ್ಸು, ಆದರೆ ಕಾಗದ ಓದುವ ತಾಳ್ಮೆ ಇದ್ದವಳು. ಜನಗಣತಿಯ ವಿಷಯ ಬಂದಾಗ ಕೆರಿಯಮ್ಮ ಎದ್ದಳು.

"ಆವತ್ತು ನಾವ್ಯಾರೂ ಮನೇಲಿರ್ಲಿಲ್ಲ ಮೇಡಂ. ಸೀಗೆ ಕುಯ್ಯಕೆ ಕಾಡಿಗೆ ಹೋಗಿದ್ವಿ. ಶಾನುಭೋಗ್ರು ಬಂದು ನೋಡಿ ಹೋಗಿದಾರೆ. ಅವ್ರದ್ದೇನೂ ತಪ್ಪಿಲ್ಲ."

ನಾನು ಬರೆದದ್ದು ತಪ್ಪಲ್ಲ ಎಂದಾದರೆ ಬೇಚರಾಕ್ ಎಂಬುದೇ ನಿಲ್ಲುತ್ತದೆ; ನನ್ನನ್ನು ಉಳಿಸಲು ತನ್ನ ಗದ್ದೆಯನ್ನೇ ಪಣಕ್ಕಿಡುತ್ತಿದ್ದಳು. ನನಗೆ ಸಿಟ್ಟು ಬಂತು. ಅವಳ ಮೇಲೋ ನನ್ನ ಮೇಲೋ, ಎದ್ದು ನಿಂತೆ.

"ಅವಳು ಸುಳ್ಳು ಹೇಳ್ತಿದಾಳೆ. ಜನ ಇದ್ರು. ಇಲ್ಲ ಅಂತ ಬೇಕಂತಲೇ ಬರೆದವನು ನಾನು."

ದೀಪಶ್ರೀ ನನ್ನನ್ನು ಕುಳಿತುಕೊಳ್ಳಲು ಹೇಳಿದಳು. "ಹಿರಿಯರ ಹೇಳಿಕೆಯನ್ನ ಕಾನೂನು ಒಪ್ಪುತ್ತೆ ಸರ್. ಆದ್ರೆ ಯಾರ್ಯಾರಿದ್ರು ಅಂತ ಹೇಳೋಕಾಗುತ್ತಾ? ಇದರಿಂದ ನಿಮಗೆ ತೊಂದರೆ ಬರಬಹುದು, ಅದು ಗೊತ್ತಲ್ಲ?"

"ಬರಲಿ. ಬರ್ಕೊಳಿ" ಎಂದೆ.

ಕಣ್ಣು ಮುಚ್ಚಿದೆ. ಚಾಪೆ, ಬಿಸಿಲು, ಚೌಡನ ಚಾಚಿದ ಕೈ. ಅವನು ತೋರಿಸಿದ ಕ್ರಮದಲ್ಲೇ ಮನೆಗಳು ಬಂದವು. ಕುಂಟನ ಮನೆ, ಹೆಂಡತಿಗೆ ಹೆದರುವವನ ಮನೆ, ಮೂರು ಹೆಣ್ಣುಮಕ್ಕಳ ವಿಧವೆಯ ಮನೆ. ಹಿಂದಿನ ಸಾಲಿನಲ್ಲಿ ಕೂತ ಹಸಲರ ಹೆಂಗಸರು ಸತ್ತವರ ಹೆಸರು ಕೇಳಿದಾಗಲೆಲ್ಲ ಹೂಂ ಎನ್ನುತ್ತಿದ್ದರು. ಒಬ್ಬಳು ಅಳತೊಡಗಿದಳು. ನಾನು ನಿಲ್ಲಿಸಲಿಲ್ಲ. ಕೊನೆಗೆ ಚೌಡನ ಮನೆ: ಅವನು, ಅವನ ಹೆಂಡತಿ, ಮಗ, ಸೊಸೆ ಕೆರಿಯಮ್ಮ. ಒಟ್ಟು ನಲವತ್ತೇಳು.

ಹೇಳಿಕೆಗೆ ರುಜು ಹಾಕಿದೆ. ಹನ್ನೊಂದೂ ಅರ್ಜಿಗಳನ್ನು ಸಾಗರದ ಉಪವಿಭಾಗ ಸಮಿತಿಗೆ ಶಿಫಾರಸು ಮಾಡಲು ಎಲ್ಲರೂ ಕೈ ಎತ್ತಿದರು. ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡೆ.

ಕೆರಿಯಮ್ಮ ಮಾತ್ರ ಇನ್ನೂ ಮೇಜಿನ ಮುಂದೆಯೇ ನಿಂತಿದ್ದಳು.

"ಒಂದು ಬಿಟ್ಟೋಯ್ತು ಅಯ್ಯಾ. ನೀವು ಬಂದಾಗ ನಾನು ಒಳಗೆ ಬಾಣಂತಿ. ಹನ್ನೊಂದು ದಿನದ ಹೆಣ್ಣುಕೂಸು. ಮಾವಂಗೆ ಹೇಳಕೆ ಮರ್ತಿರ್ಬೇಕು."

ನಾನು ಅವಳತ್ತ ತಿರುಗಿದೆ.

"ಆ ಮಳೆಗಾಲದಾಗೆ ಜ್ವರ ಬಂತು. ನರ್ಸಮ್ಮ ಹಳ್ಳದಾಚೆ ಕೊಪ್ಪದ ತನಕ ಬಂದು ತಿರುಗಿ ಹೋದ್ರಂತೆ. ಮುಂದೆ ಜನ ಇಲ್ಲ ಅಂತ ಅವ್ರ ಪಟ್ಟೀಲಿತ್ತಂತೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಎಲ್ಲಾರನ್ನೂ ಬರ್ದ್ರಲ್ಲ. ಅದನ್ನೂ ಬರೀರಿ."

"ಹೆಸರು?" ದೀಪಶ್ರೀ ಮೆಲ್ಲಗೆ ಕೇಳಿದಳು.

"ಇಟ್ಟಿರ್ಲಿಲ್ಲ."

ದೀಪಶ್ರೀ ಪೆನ್ನು ಹಿಡಿದು ನನ್ನ ಮುಖ ನೋಡಿದಳು. ಹೆಸರಿಡದ, ವರ್ಷ ತುಂಬದ ಕೂಸನ್ನು ಗಣತಿಯಲ್ಲಿ ಹೇಗೆ ಬರೆಯಬೇಕೆಂದು ಆ ಸಭೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

"ಕೆರಿಯಮ್ಮನ ಮಗಳು. ಹೆಣ್ಣು. ವಯಸ್ಸು ಸೊನ್ನೆ" ಎಂದೆ.